ಕರಿ ಕೋಟಿನ ಮೇಲೆ ಬಳಪದ ಪುಡಿ

ಅವರ ಕರಿ ಕೋಟಿನ ಬಲ ತೋಳಿಗೆ, ಮೊಣಕೈಯಿಂದ ಮುಂಗೈವರೆಗೆ, ಯಾವಾಗಲೂ ಬಿಳಿ ಪುಡಿ ಹತ್ತಿರುತ್ತಿತ್ತು. ಗದಗಿನ ಕೋರ್ಟಿಗೆ ಹೊಸದಾಗಿ ಬಂದ ನ್ಯಾಯಾಧೀಶರು ಮೊದಲ ದಿನ ಅದನ್ನು ನೋಡಿ ಹುಬ್ಬು ಗಂಟಿಕ್ಕುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಅವರಿಗೂ ರೂಢಿಯಾಗುತ್ತಿತ್ತು. ಅದು ಬಳಪದ ಪುಡಿ. ನಮ್ಮ ಸೀನಿಯರ್ ಶಾಲೆಮಕ್ಕಳ ಪಾಟಿಯ ಮೇಲೆ ಬರೆಯುತ್ತಿದ್ದರು, ಬರೆದದ್ದನ್ನು ಕೋಟಿನ ತೋಳಿನಿಂದಲೇ ಒರೆಸುತ್ತಿದ್ದರು. ಮೇಜಿನ ತುದಿಗೆ ನಾವು ಒದ್ದೆ ಬಟ್ಟೆ ಇಟ್ಟಿರುತ್ತಿದ್ದೆವು. ಅದು ಇಟ್ಟಲ್ಲೇ ಒಣಗುತ್ತಿತ್ತು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕಾರು ಎನ್ನುತ್ತಾರೆ. ವಕೀಲರೊಬ್ಬರಿಗೆ ಆ ಹೆಸರು ಬಂದದ್ದು ಆ ಪಾಟಿಯಿಂದಲೇ ಇರಬೇಕು. ಮುಂಡರಗಿ, ಶಿರಹಟ್ಟಿ ಕಡೆಯಿಂದ ಬರುವ ಕಕ್ಷಿದಾರರು ಬಸ್‌ಸ್ಟ್ಯಾಂಡಿನಲ್ಲಿ ಇಳಿದು, "ವಕೀಲ ಅಕ್ಕಾರ ಕಚೇರಿ ಎಲ್ಲೈತ್ರಿ?" ಎಂದು ಕೇಳಿದರೆ ಸಾಕಿತ್ತು, ಆಟೋದವರು ಕರೆತಂದು ಬಿಡುತ್ತಿದ್ದರು.

ನಾನು ಲಕ್ಷ್ಮೇಶ್ವರದವನು. ಧಾರವಾಡದಲ್ಲಿ ಕಾನೂನು ಓದಿ, ಸನದು ಪಡೆದು, ಹೊಸ ಕೋಟಿನ ಇಸ್ತ್ರಿ ಮಡಿಕೆ ಹೋಗುವ ಮುಂಚೆಯೇ ಅವರ ಕೈಕೆಳಗೆ ಸೇರಿದೆ. ಮೊದಲ ದಿನ ನನ್ನ ಅಂಕಪಟ್ಟಿ ತೋರಿಸಹೋದೆ. ಅವರು ನೋಡಲಿಲ್ಲ. ಮುಂದೆ ಒಬ್ಬ ರೈತ ಕೂತಿದ್ದ, ಪ್ಲಾಸ್ಟಿಕ್ ಚೀಲದಿಂದ ಹೊಲದ ಉತಾರ, ಖರೀದಿಪತ್ರ ಎಲ್ಲ ಹೊರಗೆ ತೆಗೆಯುತ್ತಿದ್ದ. ಅಕ್ಕಾರು ಆ ಚೀಲದ ಮೇಲೆ ಕೈ ಇಟ್ಟು ತಡೆದರು.

"ಕಾಗದ ಆಮ್ಯಾಲೆ. ಮೊದಲ ನೀರ ಕುಡೀರಿ. ಈಗ ಚಕಬಂದಿ ಹೇಳ್ರಿ."

ಚಕಬಂದಿ ಎಂದರೆ ಹೊಲದ ನಾಲ್ಕು ದಿಕ್ಕಿನ ಗಡಿ. ಮೂಡಲಕ್ಕೆ ಯಾರ ಹೊಲ, ಪಡುವಲಕ್ಕೆ ಯಾರದು, ತೆಂಕಲಕ್ಕೆ ಹಳ್ಳವೋ ಹಾದಿಯೋ, ಬಡಗಲಕ್ಕೆ ಯಾರು. ನಮ್ಮ ಖರೀದಿಪತ್ರಗಳಲ್ಲಿ ಅದನ್ನು ಬರೆಯದೆ ಕೆಲಸ ಮುಂದೆ ಹೋಗುವುದಿಲ್ಲ. ಅದರಲ್ಲಿ ಹೊಸದೇನೂ ಇರಲಿಲ್ಲ. ಹೊಸದು ಏನೆಂದರೆ, ಅಕ್ಕಾರು ಯಾವ ವ್ಯಾಜ್ಯ ಬಂದರೂ ಅದನ್ನೇ ಕೇಳುತ್ತಿದ್ದರು. ಪಾಟಿಯ ಮೇಲೆ ಒಂದು ಚೌಕ ಎಳೆದು, ನಾಲ್ಕೂ ಕಡೆ ಜಾಗ ಬಿಟ್ಟು, ಬಳಪ ಹಿಡಿದು ಕಾಯುತ್ತಿದ್ದರು. ಶಿರಹಟ್ಟಿಯಿಂದ ಒಬ್ಬ ಹೆಣ್ಣುಮಗಳು ಜೀವನಾಂಶಕ್ಕೆಂದು ಬಂದಳು. ಅವಳಿಗೂ ಚೌಕ ಎಳೆದರು.

"ಇದು ನಿನ್ನ ಗಂಡನ ಮನಿ. ಮೂಡಲಕ್ಕ ಯಾರ ಅದಾರ? ನೀ ಅತ್ತರ ಯಾರ ಮನಿಗೆ ಕೇಳಸ್ತೈತಿ?"

ಆಕೆ ಒಂದೊಂದೇ ಮನೆ ಹೇಳತೊಡಗಿದಳು. ನಾಲ್ಕೂ ದಿಕ್ಕು ತುಂಬುವಷ್ಟರಲ್ಲಿ ಅಕ್ಕಾರಿಗೆ ಸಾಕ್ಷಿ ಯಾರು, ಸುಳ್ಳು ಯಾರು, ಆಕೆಗೆ ನಿಜವಾಗಿ ಬೇಕಾದದ್ದೇನು ಎಲ್ಲ ಗೊತ್ತಾಗಿತ್ತು. ಕಾಗದದ ಮೇಲೆ ಯಾಕೆ ಬರೆಯುವುದಿಲ್ಲ ಎಂದು ನಾನು ಕೇಳಿದಾಗ, "ಕಾಗದ ಕಂಡರ ಮಂದಿ ಹೆದರ್ತಾರಲೇ ತಮ್ಮಾ. ಪಾಟಿ ಆದರ ಅಳಸಬಹುದಲ್ಲ ಅಂತ ಖರೆ ಹೇಳ್ತಾರ" ಎಂದರು.

ಮುಂಡರಗಿ ಕಡೆಯ ಅಣ್ಣತಮ್ಮರ ವಾಟ್ನಿಯ ದಾವೆಯೊಂದು ನೆನಪಿದೆ. ಹೊಲ ಹಂಚಿಕೊಳ್ಳಲಿಕ್ಕೆ ಇಬ್ಬರೂ ಒಪ್ಪಿದ್ದರು, ಬಡಗಲ ಕಡೆಯ ಒಂದು ಪಟ್ಟಿಗಾಗಿ ಮಾತ್ರ ಹಟ ಹಿಡಿದಿದ್ದರು. ಒಳ್ಳೆಯ ಮಣ್ಣೂ ಅಲ್ಲ, ನೀರೂ ಇಲ್ಲ. ಎದುರಿನ ವಕೀಲರು ಇದನ್ನು ಬರೀ ಜಿದ್ದು ಎಂದುಕೊಂಡಿದ್ದರು, ನಾನೂ ಹಾಗೇ ತಿಳಿದಿದ್ದೆ. ಅಕ್ಕಾರು ನಮ್ಮ ಕಕ್ಷಿದಾರನಾದ ಅಣ್ಣನನ್ನು ಕೂಡಿಸಿಕೊಂಡು ಚೌಕ ಎಳೆದರು. ಮೂಡಲಕ್ಕೆ ಇಂಥವರು, ಪಡುವಲಕ್ಕೆ ಇಂಥವರು, ತೆಂಕಲಕ್ಕೆ ಹಾದಿ ಎಂದು ಅವನು ಪಟಪಟ ಹೇಳಿದ. ಬಡಗಲಕ್ಕೆ ಬಂದಾಗ ಬಾಯಿ ಕಟ್ಟಿತು.

"ಬಡಗಲಕ್ಕ ಯಾರೋ ಯಪ್ಪಾ?"

"ಬಡಗಲಕ್ಕ ನಮ್ಮವ್ವ ಅದಾಳ್ರಿ" ಎಂದ.

ನಮ್ಮ ಕಡೆ ಹೊಲ ಇದ್ದವರು ಸತ್ತವರನ್ನು ಹೊಲದಲ್ಲೇ ಮಣ್ಣು ಮಾಡುತ್ತಾರೆ. ಆ ಪಟ್ಟಿಯಲ್ಲಿ ಅವರ ತಾಯಿ ಇದ್ದಳು. ಅಕ್ಕಾರು ಪಾಟಿಯ ಬಡಗಲ ಕಡೆಗೆ 'ಅವ್ವ' ಎಂದು ಬರೆದರು, ತಮ್ಮನನ್ನು ಕರೆಸಿ ತೋರಿಸಿದರು. ಅವನು ನೋಡಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತ. ಆ ಪಟ್ಟಿ ಇಬ್ಬರ ಪಾಲಿಗೂ ಸೇರದೆ ಇಬ್ಬರಿಗೂ ಹಾದಿ ಇರುವಂತೆ ರಾಜಿ ಬರೆದೆವು. ಆ ದಿನ ಪಾಟಿಯನ್ನು ಅಕ್ಕಾರು ಒರೆಸಲಿಲ್ಲ. ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಒರೆಸಿದ್ದರು.

ಹೊಗಳುವುದರಲ್ಲಿ ಅವರಷ್ಟು ಜಿಪುಣರನ್ನು ನಾನು ಕಂಡಿಲ್ಲ. ಒಂದು ದಾವೆ ಗೆದ್ದು ಕುಣಿಯುತ್ತ ಬಂದರೆ, "ಗೆದ್ದಾವ ಸೋತ, ಸೋತಾವ ಸತ್ತ. ಚಾ ಕುಡಿ, ನಾಳಿನ ಫೈಲ ತಗೀ" ಎನ್ನುತ್ತಿದ್ದರು. ನಾನು ಬರೆದ ಅರ್ಜಿಯನ್ನು ಓದಿ ಏನೂ ಅನ್ನದೆ ಸಹಿ ಮಾಡಿದರೆ ಅದೇ ನನಗೆ ಹಬ್ಬ. ಬೈಗುಳಕ್ಕೆ ಮಾತ್ರ ಕೊರತೆ ಇರಲಿಲ್ಲ. ನನ್ನನ್ನು ಸಿಟ್ಟು ಬಂದಾಗ ಹುಚ್ಚಪ್ಪ ಎಂದೂ ಸಮಾಧಾನದಲ್ಲಿದ್ದಾಗ ತಮ್ಮಾ ಎಂದೂ ಕರೆಯುತ್ತಿದ್ದರು. ಒಂದೇ ದಿನದಲ್ಲಿ ಎರಡೂ ಆಗುತ್ತಿದ್ದವು.

ಅವರು ಬೆಟಗೇರಿಯಲ್ಲಿ ಒಬ್ಬರೇ ಇದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹುಟ್ಟೂರು ಅಂತೂರ ಬೆಂತೂರದಲ್ಲಿ ತಂದೆ ಕೊಟ್ಟ ಒಂದು ತುಂಡು ಎರಿ ಹೊಲ ಇತ್ತು, ಅಣ್ಣನ ಮಕ್ಕಳು ಬಿತ್ತುತ್ತಿದ್ದರು. ರವಿವಾರವೂ ಕಚೇರಿ ತೆರೆಯುತ್ತಿದ್ದರು. ಕೋರ್ಟು ಇಲ್ಲ, ಕಕ್ಷಿದಾರರಿಲ್ಲ, ಬಾಗಿಲು ಮಾತ್ರ ಹಾರು ಹೊಡೆದು ತೆರೆದಿರುತ್ತಿತ್ತು. ನಮ್ಮ ಕಚೇರಿಯ ಕಾರಕೂನರು ಒಮ್ಮೆ, "ರವಿವಾರ ಯಾರ ಬರ್ತಾರ್ರಿ ಅಕ್ಕಾರ?" ಎಂದರು. "ಬಂದರ ಬಾಗಲಾ ಹಾಕಿರಬಾರದಲ್ಲ" ಎಂದರು ಅಕ್ಕಾರು. ಮಧ್ಯಾಹ್ನ ಬುತ್ತಿ ಬಿಚ್ಚಿ, ರೊಟ್ಟಿ ಪುಂಡಿಪಲ್ಲೆ ಉಣ್ಣುತ್ತ, ಎದುರಿನ ಖಾಲಿ ಕುರ್ಚಿಯ ಕಡೆ ನೋಡುತ್ತ ಕೂತಿದ್ದನ್ನು ಒಂದು ರವಿವಾರ ನಾನು ಕಿಟಕಿಯಿಂದ ಕಂಡೆ. ಒಳಗೆ ಹೋಗಿ ಆ ಕುರ್ಚಿಯಲ್ಲಿ ಕೂತೆ. ಒಂದು ರೊಟ್ಟಿ ಮುರಿದು ನನ್ನ ಕಡೆ ಸರಿಸಿದರು. ಆಮೇಲೆ ಆ ಕುರ್ಚಿ ನನ್ನದೇ ಆಯಿತು.

"ಕೋರ್ಟಿಗೆ ಬಂದಾವ ಒಬ್ಬನ ಬಂದಿರ್ತಾನ, ಹತ್ತ ಮಂದಿ ಕರಕೊಂಡ ಬಂದಿದ್ರೂ" ಎನ್ನುವುದು ಅವರು ಪದೇ ಪದೇ ಹೇಳುತ್ತಿದ್ದ ಮಾತು. ಅದನ್ನು ಕಕ್ಷಿದಾರರ ಬಗ್ಗೆ ಹೇಳುತ್ತಾರೆ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ.

ನನ್ನ ಹೆಂಡತಿ ನರ್ಸು. ಆಕೆಗೆ ಕೆನಡಾದ ಬಯಲುಸೀಮೆಯ ಒಂದು ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಗಂಡನ ಹಿಂದೆ ಹೆಂಡತಿ ಹೋಗುವುದು ಲೋಕರೂಢಿ, ಹೆಂಡತಿಯ ಹಿಂದೆ ಗಂಡ ಹೊರಟರೆ ಲಕ್ಷ್ಮೇಶ್ವರದಲ್ಲಿ ಕಟ್ಟೆಗೆ ಕಟ್ಟೆಯೇ ಮಾತಾಡುತ್ತದೆ. ಆ ಮಾತಿಗೆ ನಾನು ಹೆದರಲಿಲ್ಲ. ಹೆದರಿದ್ದು ಅಕ್ಕಾರಿಗೆ. ತಮ್ಮ ಕಚೇರಿ ನನ್ನ ಕೈಗೆ ಬರಬೇಕೆಂದು ಅವರ ಮನಸ್ಸಿನಲ್ಲಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಹೊರಗಿನ ಹಲಗೆಯ ಮೇಲೆ ತಮ್ಮ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆಸಿದ್ದರು.

ಹೇಳಿದೆ. ಅವರು ಬಳಪ ಕೆಳಗಿಟ್ಟು, "ಅಲ್ಲಿ ವಕೀಲಿ ಮಾಡಾಕ ಬಿಡ್ತಾರೇನ?" ಎಂದರು.

"ನಮ್ಮ ಪದವಿ ನೋಡ್ತಾರಂತ್ರಿ. ಮ್ಯಾಲೆ ಅವರ ಕಾಯದೆದ್ದು ಒಂದಿಷ್ಟ ಪರೀಕ್ಷೆ ಬರೀಬೇಕು. ಆಮ್ಯಾಲೆ ಅಲ್ಲಿ ಒಬ್ಬ ವಕೀಲರ ಕೈಕೆಳಗ ಒಂದ ವರ್ಷ ಕಲೀಬೇಕು. ಆವಾಗ ಕೋಟ."

"ಅಂದ್ರ ಮತ್ತ ಜೂನಿಯರ್."

"ಹೌದ್ರಿ."

"ಅಡ್ಡಿ ಇಲ್ಲ. ಕೋಟ ಹಾಕ್ಕೊಂಡ ದಿನ ನಂಗ ಫೋನ ಮಾಡು. ಮೊದಲ ನಂಗ, ಆಮ್ಯಾಲೆ ನಿಮ್ಮಪ್ಪಗ." ಅಷ್ಟು ಹೇಳಿ ಪಾಟಿ ಎಳೆದುಕೊಂಡು ಒಂದು ಚೌಕ ಎಳೆದು, ನಡುವೆ ನನ್ನ ಹೆಸರು ಬರೆದರು. "ಅಲ್ಲಿ ನಿನ್ನ ಮೂಡಲಕ್ಕ ಯಾರ ಅದಾರ?"

ನನಗೆ ಗೊತ್ತಿರಲಿಲ್ಲ. "ಹೋಗಿ ಹೇಳು" ಎಂದು ತೋಳಿನಿಂದ ಒರೆಸಿದರು. ಹೊರಡುವ ದಿನ ಒಂದು ಬಳಪದ ಡಬ್ಬಿ ಕೊಟ್ಟರು. ಪಾಟಿ ಅಲ್ಲೇ ಕೊಂಡುಕೊ ಎಂದರು. ಅಲ್ಲಿ ಪಾಟಿ ಎಲ್ಲಿಯೂ ಸಿಗಲಿಲ್ಲ, ಆ ಮಾತು ಬೇರೆ.

ಗದಗಿನಲ್ಲಿ ನಾನು ವಕೀಲ ಸಾಹೇಬ. ಅಲ್ಲಿ ಗೋದಾಮಿನಲ್ಲಿ ಆಲೂಗಡ್ಡೆ ಚೀಲ ಎತ್ತುವವನು. ಊಟದ ಬಿಡುವಿನಲ್ಲಿ ಚೀಲಗಳ ಮೇಲೆ ಕೂತು ಆ ದೇಶದ ಸಂವಿಧಾನ ಓದುತ್ತಿದ್ದೆ. ಜೊತೆಯವರು ತಮಾಷೆಗೆ ನನ್ನನ್ನು ಲಾಯರ್ ಎಂದು ಕೂಗುತ್ತಿದ್ದರು, ಆ ಹೆಸರಿನಿಂದ ಕೂಗಿದಾಗ ಹಿಂತಿರುಗಿ ನೋಡಲಿಕ್ಕೆ ನಾಚಿಕೆಯಾಗುತ್ತಿತ್ತು. ಹೆಂಡತಿಗೆ ಪಾಳಿ ಕೆಲಸ. ಆಕೆ ಮನೆಗೆ ಬರುವಾಗ ನಾನು ಹೊರಟಿರುತ್ತಿದ್ದೆ, ಎಷ್ಟೋ ದಿನ ಬಸ್‌ಸ್ಟಾಪಿನಲ್ಲಿ ಭೆಟ್ಟಿಯಾಗಿ ಕೀಲಿಕೈ ಬದಲಿಸಿಕೊಂಡದ್ದೇ ನಮ್ಮ ಸಂಸಾರ. ಹೊರಗೆ ಎಲ್ಲಿ ನೋಡಿದರೂ ಬಿಳಿ. ವಸಂತದಲ್ಲಿ ಹಿಮ ಕರಗಿದಾಗ ಕೆಳಗಿನ ಮಣ್ಣು ಕಂಡಿತು. ಕಪ್ಪು, ಅಂಟು, ನಮ್ಮ ಎರಿ ಮಣ್ಣಿನ ಹಾಗೇ. ಬೂಟಿಗೆ ಹತ್ತಿದ ಆ ಮಣ್ಣನ್ನು ಕೆರೆಯುತ್ತ ಕೂತು ಅತ್ತುಬಿಟ್ಟೆ. ಯಾರ ಮನೆಗೂ ಕೇಳಿಸಲಿಲ್ಲ.

ಪ್ರತಿ ರವಿವಾರ ಬೆಳಿಗ್ಗೆ ಅಕ್ಕಾರಿಗೆ ಫೋನ್ ಮಾಡುತ್ತಿದ್ದೆ. ಗದಗಿನಲ್ಲಿ ಆಗ ಸಂಜೆ, ಅವರು ಕಚೇರಿಯಲ್ಲೇ ಇರುತ್ತಿದ್ದರು. ಪರೀಕ್ಷೆಯ ಮಾತು ಆಮೇಲೆ, ಮೊದಲು ಅದೇ ಪ್ರಶ್ನೆ.

"ಮೂಡಲಕ್ಕ ಯಾರ ಅದಾರ?"

"ಗೊತ್ತಿಲ್ರಿ. ಇಲ್ಲಿ ಯಾರೂ ಯಾರನ್ನೂ ಮಾತಾಡ್ಸೂದಿಲ್ಲ."

"ಹುಚ್ಚಪ್ಪ. ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನ? ನೀ ಮಾತಾಡ್ಸು."

ಒಮ್ಮೆ ನನಗೂ ಸಿಟ್ಟು ಬಂದು, "ನಿಮ್ಮ ಚಕಬಂದಿ ಹೇಳ್ರಿ ಅಕ್ಕಾರ, ಕೇಳೂಣು" ಎಂದೆ.

"ಮೂರೂ ಕಡೆ ಫೈಲ ಅದಾವ" ಎಂದರು. "ಒಂದ ಕಡೆ ನಿನ್ನ ಕುರ್ಚಿ ಐತಿ. ತಗದಿಲ್ಲ."

ಕೋರ್ಟಿಗೆ ಬಂದವನು ಒಬ್ಬನೇ ಬಂದಿರುತ್ತಾನೆ ಎಂಬ ಮಾತು ಅವರು ಯಾರ ಬಗ್ಗೆ ಹೇಳುತ್ತಿದ್ದರು ಎಂದು ನನಗೆ ತಿಳಿದದ್ದು ಆಗ.

ಪರೀಕ್ಷೆಗಳು ಒಂದೊಂದಾಗಿ ಮುಗಿದವು. ಒಂದರಲ್ಲಿ ಫೇಲಾಗಿ ಮತ್ತೆ ಬರೆದೆ. ಆದರೆ ಕಲಿಯಲಿಕ್ಕೆ ಇಟ್ಟುಕೊಳ್ಳುವ ವಕೀಲರು ಸಿಗಲಿಲ್ಲ. ಬೇಡವೆಂದವರೆಲ್ಲ ಬಹಳ ಸಭ್ಯರಾಗಿಯೇ ಬೇಡವೆಂದರು. ಕೊನೆಗೆ ಒಂದು ಸಣ್ಣ ಕಚೇರಿಯ ವಯಸ್ಸಾದ ವಕೀಲರು ಇಟ್ಟುಕೊಂಡರು. ಅವರು ಸಹಿ ಮಾಡಿ ಈತ ಸರಿಯಾಗಿ ಕಲಿತಿದ್ದಾನೆ ಎಂದರೆ ನಾನು ವಕೀಲ, ಬಿಟ್ಟುಬಿಟ್ಟರೆ ಮತ್ತೆ ಆಲೂಗಡ್ಡೆ.

ಅಲ್ಲಿ ಸೇರಿದ ಹೊಸದರಲ್ಲೇ ಒಂದು ಮನೆ ಮಾರಾಟದ ಕಾಗದ ತಯಾರಿಸಲು ಹೇಳಿದರು. ಆ ದೇಶದಲ್ಲಿ ಜಾಗಕ್ಕೆ ನಕಾಶೆಯ ನಂಬರು ಇರುತ್ತದೆ, ಅಷ್ಟೇ ಸಾಕು. ಅದನ್ನು ಓದಿ ಪಾಸಾಗಿದ್ದೆ. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಚಕಬಂದಿ ಇಲ್ಲದ ಖರೀದಿಪತ್ರ ನನ್ನ ಕಣ್ಣಿಗೆ ತಲೆಬಾಗಿಲಿಲ್ಲದ ಮನೆಯಂತೆ ಕಂಡಿತು. ಊಟದ ಹೊತ್ತಿನಲ್ಲಿ ಟೊಪ್ಪಿಗೆ, ಕೈಗವಸು ಹಾಕಿಕೊಂಡು ಹಿಮದಲ್ಲಿ ನಡೆದು ಆ ಬೀದಿಗೆ ಹೋದೆ. ಮಾರುವ ಮನೆಯ ಪಡುವಲಕ್ಕಿದ್ದ ಮನೆಯ ಬಾಗಿಲು ಬಡಿದು, ನಿಮ್ಮ ಹೆಸರೇನು, ಪಕ್ಕದ ಮನೆಯ ಕಾಗದದಲ್ಲಿ ಬರೆಯಬೇಕು ಎಂದೆ. ಆ ಮನೆಯಾಕೆ ಬಾಗಿಲು ಹಾಕಿಕೊಂಡಳು. ಮೂಡಲಕ್ಕಿದ್ದ ಮನೆಯಲ್ಲಿ ಒಬ್ಬ ಮುದುಕ, ಬಹಳ ಹೊತ್ತು ನನ್ನನ್ನೇ ನೋಡಿ, ಹೆಸರು ಹೇಳಿದ. ಕಾಗುಣಿತವನ್ನೂ ಹೇಳಿದ.

ನಾನು ಕಚೇರಿಗೆ ಮರಳುವ ಮುಂಚೆಯೇ ಪಡುವಲ ಮನೆಯಾಕೆ ಫೋನ್ ಮಾಡಿ ದೂರಿದ್ದಳು. ಅಲ್ಲಿಯ ಸೀನಿಯರ್ ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ನಾನು ಬರೆದ ಕರಡು ಇತ್ತು, ಅದರಲ್ಲಿ ಮೂಡಲು ಪಡುವಲು ತೆಂಕಲು ಬಡಗಲು ಎಲ್ಲ ಇಂಗ್ಲಿಷಿನಲ್ಲಿ. ಯಾಕೆ ಹೋಗಿದ್ದೆ ಎಂದು ಕೇಳಿದರು. ನಾನು ಅಕ್ಕಾರ ಬಗ್ಗೆ, ಪಾಟಿಯ ಬಗ್ಗೆ ಹೇಳಿದೆ. ಹರಕು ಮುರಕಾಗಿಯೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಇಲ್ಲಿ ಪಕ್ಕದ ಮನೆಯವರ ಹೆಸರು ಗೊತ್ತಿರಬೇಕಾದ ಅಗತ್ಯ ಯಾರಿಗೂ ಇಲ್ಲ. ಕಾನೂನಿಗೂ ಇಲ್ಲ" ಎಂದರು. "ಮತ್ತೊಮ್ಮೆ ಹೀಗಾದರೆ ನಿಮ್ಮನ್ನು ಇಟ್ಟುಕೊಳ್ಳಲಾರೆ."

ಆ ರವಿವಾರದ ಫೋನಿನಲ್ಲಿ ಇದನ್ನು ಅಕ್ಕಾರಿಗೂ ಹೇಳಲಿಲ್ಲ. ಬರೆದ ಪರೀಕ್ಷೆಗಳೆಲ್ಲ ನೀರುಪಾಲಾಗುತ್ತವೆ ಎಂದೇ ತಿಳಿದೆ.

ಹಿಮ ಕರಗುವ ಹೊತ್ತಿಗೆ ಒಂದು ದಿನ ಆ ಮುದುಕ ಕೋಲೂರಿಕೊಂಡು ಕಚೇರಿಗೆ ಬಂದ. ಉಯಿಲು ಬರೆಸಬೇಕಿತ್ತು. ಯಾವ ವಕೀಲರು ಬೇಕು ಎಂದು ಕೇಳಿದಾಗ, "ನನ್ನ ಹೆಸರು ಕೇಳಲು ಬಂದಿದ್ದನಲ್ಲ, ಅವನು" ಎಂದನಂತೆ. ಹೆಂಡತಿ ತೀರಿಕೊಂಡ ಮೇಲೆ ಆ ಬಾಗಿಲು ಬಡಿದು ಯಾರೂ ಅವನ ಹೆಸರು ಕೇಳಿರಲಿಲ್ಲವಂತೆ. ಸೀನಿಯರ್ ನನ್ನ ಮುಖ ನೋಡಿದರು, ತಮ್ಮ ಕೋಣೆಯಲ್ಲೇ ನಮ್ಮಿಬ್ಬರನ್ನು ಕೂಡಿಸಿ ತಾವು ಪಕ್ಕಕ್ಕೆ ಕೂತರು.

ಆಸ್ತಿ ಯಾರಿಗೆ ಎಂದು ಕೇಳಿದರೆ ಮುದುಕ ಕೈ ಆಡಿಸಿದ. ಮಕ್ಕಳಿಲ್ಲ. ನಾನು ಸೀನಿಯರ್ ಕಡೆ ಒಮ್ಮೆ ನೋಡಿ, ಖಾಲಿ ಹಾಳೆಯ ಮೇಲೆ ಚೌಕ ಎಳೆದು, ನಿಮ್ಮ ಮೂಡಲಕ್ಕೆ ಯಾರಿದ್ದಾರೆ ಎಂದು ಕೇಳಿದೆ. ಮುದುಕ ಮಧ್ಯಾಹ್ನದವರೆಗೆ ಮಾತಾಡಿದ. ರಸ್ತೆಯ ಆಚೆ, ತೆಂಕಲ ಮನೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ, ಪ್ರತಿ ಚಳಿಗಾಲ ಬಂದು ಈ ಮುದುಕನ ಮೆಟ್ಟಿಲ ಮೇಲಿನ ಹಿಮ ತೆಗೆದು ಹೋಗುತ್ತಾಳೆ ಎಂದ. ಮನೆ ಅವಳಿಗೇ ಹೋಗಲಿ ಎಂದ. ಅವಳ ಹೆಸರು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಅದಕ್ಕೆ ಅವನ ಕಣ್ಣು ತುಂಬಿದವು. ಕೇಳಿಕೊಂಡು ಬರುತ್ತೇನೆ ಎಂದು ಕೋಲು ತೆಗೆದುಕೊಂಡು ಹೋದ, ಮರುದಿನ ಬಂದು ಹೇಳಿದ. ಸೀನಿಯರ್ ಆ ಉಯಿಲನ್ನು ಓದಿ ಏನೂ ಅನ್ನದೆ ಸಹಿ ಮಾಡಿದರು. ನನಗೆ ಗದಗಿನ ಹಬ್ಬ ನೆನಪಾಯಿತು.

ಆ ರವಿವಾರ ಅಕ್ಕಾರಿಗೆ ಎಲ್ಲ ಹೇಳಿದೆ. ಅವರು ನಕ್ಕರು. ಅವರು ನಕ್ಕಿದ್ದನ್ನು ನಾನು ಕೇಳಿದ್ದು ಕಡಿಮೆ, ಕೆಮ್ಮಿದ ಹಾಗೆ ಇರುತ್ತಿತ್ತು. ಅವತ್ತು ಕೆಮ್ಮೂ ಇತ್ತು.

"ಆತು. ನೀ ಇನ್ನ ವಕೀಲ. ಕೋಟ ಯಾವಾಗರ ಬರಲಿ" ಎಂದರು. "ನಿನ್ನ ಮನಿ ಚಕಬಂದಿ ಹೇಳು ಈಗ."

ಅವತ್ತು ಹೇಳಲಿಕ್ಕೆ ನನ್ನ ಹತ್ತಿರ ಇತ್ತು. ಮುದುಕ ಹೋದ ಮೇಲೆ ನಾಚಿಕೆಯಾಗಿ ನಾನೂ ನಮ್ಮ ಮನೆಯ ಆಚೀಚೆ ಬಾಗಿಲು ಬಡಿದಿದ್ದೆ. "ಮೂಡಲಕ್ಕ ಒಬ್ಬ ಬಸ್ ಡ್ರೈವರ್ ಅದಾನ್ರಿ. ಪಡುವಲಕ್ಕ ಒಬ್ಬಾಕಿ ಹೊಲಿಗಿ ಮಾಡ್ತಾಳ. ತೆಂಕಲಕ್ಕ ರಸ್ತೆ."

"ಬಡಗಲಕ್ಕ?"

"ಬಡಗಲಕ್ಕ ಯಾರೂ ಇಲ್ರಿ. ಬಯಲು. ಕಿಡಕಿ ತಗದ್ರ ಬರೇ ಗಾಳಿ ಬರ್ತೈತಿ."

ಅಕ್ಕಾರ ಬಳಪ ಪಾಟಿಯ ಮೇಲೆ ಕಿರ್ ಎಂದದ್ದು ನನಗೆ ಫೋನಿನಲ್ಲೇ ಕೇಳಿಸಿತು.

"ಹಂಗಿದ್ರ ಬಡಗಲಕ್ಕ ನಾ ಅದೀನಿ ಅಂತ ಬರಕೋ" ಎಂದರು.

ಅದೇ ಕೊನೆಯ ಮಾತು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಮುಂದಿನ ರವಿವಾರ ಫೋನ್ ಎತ್ತಿದ್ದು ಕಾರಕೂನರು. ಜ್ವರ ಎಂದು ದವಾಖಾನೆಗೆ ಹೋದವರು ತಿರುಗಿ ಬರಲಿಲ್ಲ ಎಂದರು. ಯಾರಿಗೂ ಹೇಳಬೇಡ, ಅವನಿಗಂತೂ ಹೇಳಲೇಬೇಡ, ಅಲ್ಲಿ ಕೆಲಸ ಗಿಲಸ ಇರುತ್ತದೆ ಎಂದಿದ್ದರಂತೆ. ಅಂತೂರ ಬೆಂತೂರದ ಅವರ ತುಂಡು ಹೊಲದಲ್ಲೇ ಮಣ್ಣು ಮಾಡಿದರು. ಮುಂಡರಗಿ ಕಡೆಯ ಆ ಅಣ್ಣತಮ್ಮರು ಒಂದೇ ಮೋಟರ್ ಸೈಕಲ್ ಮೇಲೆ ಬಂದಿದ್ದರಂತೆ, ತಾವೇ ಕುಣಿ ತೋಡಿದರಂತೆ. ನಾನು ಬಡಗಲ ಕಿಟಕಿ ತೆರೆದು ನಿಂತೆ. ಗಾಳಿ ಬಂತು.

ವಕೀಲರಾಗಿ ಸೇರಿಸಿಕೊಳ್ಳುವ ಸಮಾರಂಭ ಅದಾದ ಕೆಲವು ತಿಂಗಳಿಗೆ, ನನ್ನ ಕಲಿಯುವ ವರ್ಷ ಮುಗಿದಾಗ ಬಂತು. ಅಲ್ಲಿಯೂ ಕರಿ ನಿಲುವಂಗಿ, ಕೊರಳಿಗೆ ಬಿಳಿ ಪಟ್ಟಿ. ಇಸ್ತ್ರಿ ಮಾಡಿದ್ದ ನಿಲುವಂಗಿಯನ್ನು ಹೆಂಡತಿ ತೊಡಿಸಿದಳು, ಆ ದಿನ ಪಾಳಿ ಬದಲಿಸಿಕೊಂಡಿದ್ದಳು. ಫೋನ್ ತೆಗೆದು ನೋಡಿದೆ. ಮೊದಲು ಮಾಡಬೇಕಾದ ನಂಬರು ಅಲ್ಲಿತ್ತು, ಎತ್ತುವವರು ಇರಲಿಲ್ಲ. ಜೇಬಿನಲ್ಲಿ ಇಟ್ಟುಕೊಂಡಿದ್ದ ಒಂದು ಬಳಪವನ್ನು ಬಲ ತೋಳಿಗೆ ಮೊಣಕೈಯಿಂದ ಮುಂಗೈವರೆಗೆ ಉಜ್ಜಿಕೊಂಡೆ. ಹೆಂಡತಿ ನೋಡಿ ನನ್ನ ಕೊರಳ ಪಟ್ಟಿ ಸರಿ ಮಾಡಿದಳು.

ಒಳಗೆ ಹೋಗುವ ಬಾಗಿಲ ಹತ್ತಿರ ನನ್ನ ಸೀನಿಯರ್ ನಿಂತಿದ್ದರು. ತೋಳಿನ ಮೇಲೆ ಏನೋ ಹತ್ತಿದೆ ಎಂದು ಒರೆಸಲಿಕ್ಕೆ ಕೈ ಚಾಚಿದರು.

ಇರಲಿ ಬಿಡಿ, ಅದು ನಮ್ಮ ಅಕ್ಕಾರದು ಎಂದೆ. ಮಾತು ಕನ್ನಡದಲ್ಲೇ ಬಂದುಬಿಟ್ಟಿತ್ತು, ಅದರಲ್ಲಿ ಅವರಿಗೆ ಗೊತ್ತಿದ್ದದ್ದು ಅಕ್ಕಾರು ಎಂಬ ಹೆಸರೊಂದೇ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.